ಎರಡು ಗೇಣು ಸಾಲದ ಬಾಗಿಲು

ಶವಪೆಟ್ಟಿಗೆ ಹೊತ್ತ ಆರು ಜನ ಬಾಗಿಲ ಮುಂದೆ ನಿಂತುಬಿಟ್ಟರು. ಎರಡೂ ಬದಿಯವರ ಹೆಗಲು ಕಲ್ಲಿನ ಚೌಕಟ್ಟಿಗೆ ತಾಗುತ್ತಿತ್ತು.

“ಸೈಡಲ್ಲಿ ಗೂಡ್ಸ್ ಬಾಗ್ಲಿದೆ ಆಂಟಿ, ಅಗಲ ಇದೆ. ಅಲ್ಲಿಂದ ತಗೊಂಡೋಗೋಣ,” ಎಂದ ಉದಯಶಂಕರ್. ರುದ್ರಾಣಿಯ ಗಂಡ ತಿಪ್ಪಣ್ಣ ಎಂಜಿನಿಯರ್ ಆಗಿದ್ದ ಆಫೀಸಿನಲ್ಲೇ ನಕ್ಷೆ ಬರೆಯುವವನು.

“ಸಾಮಾನು ಒಯ್ಯೂ ಬಾಗ್ಲಾಗ ಅವರನ್ನ ಒಯ್ಯೂದು ಬ್ಯಾಡಪಾ,” ಎಂದಳು ರುದ್ರಾಣಿ.

ಮಣ್ಣು ಮಾಡುವ ಮೊದಲು ಗಂಡನನ್ನು ಒಂದು ಗಳಿಗೆ ಇಲ್ಲಿ ಇರಿಸಬೇಕೆಂದು ಹಟ ಹಿಡಿದವಳೇ ಅವಳು. ಡನೀಡಿನ್‌ನ ಈ ಹಳೆ ಬ್ಯಾಂಕನ್ನು ಇಲ್ಲಿನ ಮೂಲನಿವಾಸಿ ಮಾವೊರಿ ಜನರ ಮನೆಯಾಗಿ, ಹೊರದೇಶದ ರಾಯಭಾರಿಗಳನ್ನೂ ಬರಮಾಡಿಕೊಳ್ಳುವ ಚಾವಡಿಯಾಗಿ ಮಾರ್ಪಡಿಸಲು ಅವನು ಮೂರು ವರ್ಷ ಜೀವ ಸವೆಸಿದ್ದ. ಉದ್ಘಾಟನೆಯ ದಿನ ಹಿತ್ತಾಳೆ ಫಲಕದಲ್ಲಿ ಆಫೀಸಿನ ಯಜಮಾನನ ಹೆಸರಿತ್ತು, ಇವನದಿರಲಿಲ್ಲ. ರುದ್ರಾಣಿಗೆ ಹೊಟ್ಟೆ ಉರಿದಿತ್ತು. ಅವನು ಮಾತ್ರ ಫಲಕ ಬಿಟ್ಟು ಬಾಗಿಲನ್ನೇ ನೋಡುತ್ತ ನಿಂತಿದ್ದ. ಯಾಕೆಂದು ಅವಳಿಗೆ ಈಗ ಹೊಳೆಯಿತು.

*

ನಾಲ್ಕು ವರ್ಷದ ಹಿಂದೆ, 2004ರಲ್ಲಿ, ತಿಪ್ಪಣ್ಣ ಊಟದ ಮೇಜಿನ ಮೇಲೆ ನಕ್ಷೆ ಹರಡಿದ್ದ.

“ಮಾವೊರಿ ಮಂದಿ ಪರವಾಗಿ ಮೆರೆ ಅಜ್ಜಿ ಕೇಳಿದ್ದು ಒಂದ. ಅವರ ಸತ್ತವ್ರು ಎದುರು ಬಾಗ್ಲಿಂದ ಬರ್ಬೇಕಂತ, ಎರಡೂ ಕಡೆ ಹೆಗಲು ಕೊಟ್ಟವ್ರು ಜೋಡೀಲೆ ಒಳಗ ಬರ್ಬೇಕಂತ. ಎರಡು ಗೇಣು ಕಲ್ಲು ಕಡದ್ರ ಮುಗೀತು.”

“ಕಡೀರಿ ಮತ್ತ.”

“ಹಳೇ ಬಾಗ್ಲದ ಅಂದ ಕೆಡತದ ಅಂತಾರ ಯಜಮಾನ್ರು. ಕಲ್ಲು ಕಡದ್ರ ಗ್ವಾಡಿ ಬೀಳತದ ಅಂತ ನಾ ಬರದು ಸಹಿ ಹಾಕ್ಬೇಕಂತ. ಬೀಳಂಗಿಲ್ಲ ಅದು.”

“ಈ ದೇಶದಾಗ ಉಳಿಯೂ ರೆಸಿಡೆನ್ಸಿ ಕಾಗದ ಇನ್ನೂ ಬಂದಿಲ್ಲ, ಅದು ಯಜಮಾನ್ರ ಕೈಯಾಗ ಅದ. ಯಾರೋ ಯಾವಾಗೋ ಸಾಯೂದಕ್ಕ ನಾವ್ಯಾಕ ಈಗ ಸಾಯೂದು? ಹಾಕ್ರಿ ಸಹಿ.”

ಅವನು ಹಾಕಿದ.

*

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಉಣ್ಣುತ್ತಿದ್ದವನು ಅವನು, ಬಡಿಸಿದವಳು ತಾನು.

ಒಳಗಿಂದ ಮೆರೆ ಕೋಲೂರಿಕೊಂಡು ಬಂದಳು. ರುದ್ರಾಣಿಯ ಕೈ ಹಿಡಿದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು: “ಬೇಜಾರಾಗಬೇಡ ಮಗಳೇ. ನಮ್ಮವರನ್ನೂ ಹೀಗೇ ತರುತ್ತೇವೆ. ನಡುವಿನವರು ಕೈ ಬಿಡಬೇಕು, ಅಷ್ಟೆ. ನಿನ್ನ ಗಂಡ ಆವತ್ತು ಎಚ್ಚರಿಸದಿದ್ದರೆ ಈ ಗೋಡೆ ನಮ್ಮ ತಲೆ ಮೇಲೆ ಬೀಳುತ್ತಿತ್ತು.”

ರುದ್ರಾಣಿಯ ಬಾಯಿಗೆ ನಿಜ ಬಂತು. ಹೇಳಿದರೆ ಅವನು ಈ ಹೊಸಿಲಲ್ಲೇ ಸುಳ್ಳನಾಗುತ್ತಾನೆ. ನುಂಗಿಕೊಂಡಳು.

ನಡುವಿನ ಇಬ್ಬರು ಕೈ ಬಿಟ್ಟು ಸರಿದರು. ಉಳಿದವರು ಪೆಟ್ಟಿಗೆಯ ಮುಂತುದಿಗೆ ಇಬ್ಬರು, ಹಿಂತುದಿಗೆ ಇಬ್ಬರು, ಒತ್ತೊತ್ತಾಗಿ ನುಸುಳತೊಡಗಿದರು. ಪೆಟ್ಟಿಗೆಯ ಮೂಲೆ ಕಲ್ಲಿಗೆ ತಾಗಿ ಕರಕರ ಎಂದಿತು.

“ಹುಷಾರು,” ಎಂದಳು ಮೆರೆ. ಕೋಲನ್ನು ರುದ್ರಾಣಿಯ ಕೈಗೆ ಕೊಟ್ಟು, ಪೆಟ್ಟಿಗೆ ಒಳಗೆ ಹೋಗುವ ತನಕ ಎರಡೂ ಅಂಗೈಯನ್ನು ಕಲ್ಲಿಗೆ ಒತ್ತಿ, ಆ ಗೋಡೆಯನ್ನು ಹಿಡಿದೇ ನಿಂತಿದ್ದಳು.