ಮಾಚಕ್ಕನ ಹಾಯಿಕಂಬ

ನಮ್ಮೂರಿನ ಉದ್ದ ಸೇತುವೆಯ ನಡುವಿನ ಹಾಸು ದಿನವೂ ಸರಪಳಿ ಕಿರುಗುಟ್ಟಿಸುತ್ತ ಮೇಲೇಳುತ್ತಿತ್ತು. ಎರಡೂ ಕಡೆ ಗಾಡಿಗಳು ನಿಲ್ಲುತ್ತಿದ್ದವು. ಕೆಳಗೆ ಒಂದು ಪುಟ್ಟ ದೋಣಿ, ತನ್ನ ಮೈಗೆ ಒಪ್ಪದಷ್ಟು ಎತ್ತರದ ಹಾಯಿಕಂಬ ಹೊತ್ತು ನಿಧಾನವಾಗಿ ದಾಟುತ್ತಿತ್ತು. ಆ ಹೊಳೆಯನ್ನು ನೆನೆದರೆ ಇಂದಿಗೂ ನನಗೆ ಮೊದಲು ಕಾಣುವುದು ಅದೇ.

ದೋಣಿ ಮಾಚಕ್ಕನದು. ಸೇತುವೆ ಬರುವ ಮೊದಲು ಊರನ್ನು ಹೊಳೆ ದಾಟಿಸುತ್ತಿದ್ದುದು ಅವಳ ಮನೆತನ. ಸೇತುವೆ ಕಟ್ಟುವಾಗ ಅಂಬಿಗರು ಒಂದೇ ಒಂದು ಮಾತು ಪಡೆದುಕೊಂಡಿದ್ದರು: ಹಾಯಿಕಂಬದ ದೋಣಿ ಬಂದರೆ, ಅದು ಎಷ್ಟೇ ಸಣ್ಣದಿರಲಿ, ಸೇತುವೆ ಏಳಲೇಬೇಕು. ಬರಬರುತ್ತ ದೋಣಿ ಹತ್ತುವವರೇ ಇಲ್ಲವಾದರು. ಅಂಬಿಗರು ದೋಣಿಗಳನ್ನು ಮಾರಿ ಬೇರೆ ದಾರಿ ನೋಡಿಕೊಂಡರು. ಮಾಚಕ್ಕನೂ ದೊಡ್ಡ ದೋಣಿ ಮಾರಿದಳು, ಆದರೆ ಬಂದದ್ದೆಲ್ಲವನ್ನೂ ಸುರಿದು ಆ ಕಂಬವನ್ನು ತಂದು ಚಿಕ್ಕ ದೋಣಿಗೆ ಜಡಿಸಿದಳು. ಅದಕ್ಕೆ ಹಾಯಿಯೇ ಇರಲಿಲ್ಲ. ಸೇತುವೆಯನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ತಾ ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತಂತೆ ಎಂದು ಗಾಡಿಯವರು ಗೊಣಗುತ್ತಿದ್ದರು. ಸೇತುವೆ ನೋಡಿಕೊಳ್ಳುತ್ತಿದ್ದ ಬುಡನ್ ಸಾಬರು ಮಾತ್ರ, ಕೊಟ್ಟ ಮಾತು ಕೊಟ್ಟದ್ದೇ ಎಂದು ಚಕ್ರ ತಿರುಗಿಸುತ್ತಿದ್ದರು.

ಒಂದು ಬೇಸಿಗೆಯಲ್ಲಿ ನನ್ನ ಅತ್ತಿಗೆಗೆ ಹೆರಿಗೆ ನೋವು ಬಂತು. ಆಸ್ಪತ್ರೆ ಆಚೆ ದಡದಲ್ಲಿ. ನಮ್ಮ ಗಾಡಿ ಸೇತುವೆಗೆ ಬಂದಾಗ ಹಾಸು ಮೇಲಿತ್ತು. ನೀರು ಇಳಿದು ಮಾಚಕ್ಕನ ದೋಣಿ ಸರಿಯಾಗಿ ಅದರ ಕೆಳಗೇ ಮರಳಿಗೆ ಕಚ್ಚಿಕೊಂಡಿತ್ತು. ಕಡಲ ಭರತ ಬಂದು ಹೊಳೆಯ ನೀರು ಮತ್ತೆ ಏರುವವರೆಗೆ ದೋಣಿ ಅಲುಗುವಂತಿರಲಿಲ್ಲ, ಕಂಬ ಇರುವವರೆಗೆ ಸೇತುವೆ ಇಳಿಯುವಂತಿರಲಿಲ್ಲ. ನಮ್ಮನ್ನು ದಾಟಿಸಲು ಹೊಳೆಯಲ್ಲಿ ಬೇರೆ ದೋಣಿಯೂ ಉಳಿದಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಕಟಕಟೆ ಹಿಡಿದು ಬಗ್ಗಿ ಬಾಯಿಗೆ ಬಂದಂತೆ ಬೈದೆ. ಅವಳೂ ಬಿಡಲಿಲ್ಲ, ಒಂದಕ್ಕೆರಡು ಹಿಂದಿರುಗಿಸಿದಳು. ಅಷ್ಟರಲ್ಲಿ ಅತ್ತಿಗೆ ನರಳಿದ್ದು ಕೆಳಗೂ ಕೇಳಿಸಿತು.

"ಗಾಡಿಯಲ್ಲಿ ಯಾರು?" ಎಂದಳು ಮಾಚಕ್ಕ.

"ನಮ್ಮತ್ತಿಗೆ. ಚೊಚ್ಚಲ ಹೆರಿಗೆ. ಮಗು ಅಡ್ಡ ಬಿದ್ದಿದೆಯಂತೆ, ಸೂಲಗಿತ್ತಿ ಕೈಚೆಲ್ಲಿದ್ಳು."

ಅವಳು ಕಂಬವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದಳು. ಆಮೇಲೆ ಸಾಬರನ್ನು ಕೂಗಿ ಕೊಡಲಿ ಕೇಳಿದಳು. ಸಾಬರ ಮುಖ ಸಣ್ಣದಾಯಿತು.

"ಯೋಚ್ನೆ ಮಾಡು ಮಾರಾಯ್ತಿ. ಕಂಬ ಹೋದ್ರೆ ನಾಳೆಯಿಂದ ಸೇತುವೆ ನಿಂಗೆ ಏಳೂದಿಲ್ಲ."

"ಗೊತ್ತುಂಟು. ಕೊಡ್ಲಿ ಇಳಿಸಿ."

ಹಗ್ಗಕ್ಕೆ ಕಟ್ಟಿ ಇಳಿಸಿದ ಕೊಡಲಿಯಿಂದ ಅವಳೇ ಕಡಿದಳು. ಕಂಬ ಮರಳಿನ ಮೇಲೆ ಉರುಳಿತು, ಸೇತುವೆ ಇಳಿಯಿತು, ನಮ್ಮ ಗಾಡಿ ಅವಳ ತಲೆಯ ಮೇಲಿಂದಲೇ ಆಚೆ ದಾಟಿತು. ತಾಯಿಯೂ ಉಳಿದಳು, ಮಗುವೂ ಉಳಿಯಿತು.

ಮರುದಿನ ಮನೆಗೆ ಸುದ್ದಿ ತಿಳಿಸಲು ಹಿಂತಿರುಗುವಾಗ ಸೇತುವೆಯ ಬಳಿ ಗಾಡಿಗಳ ಸಾಲು ನಿಂತಿತ್ತು. ಹೊಳೆಯಲ್ಲಿ ಮಾಚಕ್ಕನ ಮೋಟು ದೋಣಿ ಬರುತ್ತಿತ್ತು. ಅದು ಆರಾಮವಾಗಿ ಕೆಳಗೇ ನುಸುಳಿ ಹೋಗಬಹುದಿತ್ತು. ಆದರೂ ಸಾಬರು ಚಕ್ರಕ್ಕೆ ಕೈ ಹಾಕಿದ್ದರು, ಹಾಸು ಮೆಲ್ಲಗೆ ಮೇಲೇಳುತ್ತಿತ್ತು. ಗಾಡಿಯವರು ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಮಾಚಕ್ಕ ತಲೆ ಎತ್ತಿ ನೋಡಿದಳು. ಹುಟ್ಟನ್ನು ಕೆಳಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೊಳೆಯೇ ಅವಳ ದೋಣಿಯನ್ನು ಆಚೆಗೆ ಒಯ್ಯಿತು.