ಮಾವ ಹಾಕಿದ ಚಿಲಕ

ನಮ್ಮ ಮಾವ ಓರೆಸ್ಟ್ ಅವರಿಗೆ ಊರ ಉಸಾಬರಿಯೆಲ್ಲ ಬೇಕು. ಪ್ರತಿ ಬೇಸಿಗೆಯಲ್ಲಿ ಉತ್ತರದ ಪಾರ್ಕಿಗೆ ಹೋಗಿ ಸರೋವರದ ದಡದಲ್ಲಿ ಟೆಂಟು ಹಾಕಿದ ಮೇಲೆ ಉಳಿದವರು ಮೀನು ಹಿಡಿಯುತ್ತಾರೆ, ಈಜುತ್ತಾರೆ, ಬಿದ್ದುಕೊಳ್ಳುತ್ತಾರೆ. ಮಾವ ಮಾತ್ರ ಊಟ ಮುಗಿದ ಕೂಡಲೇ ಸಿಳ್ಳೆ ಹಾಕುತ್ತ ಗಸ್ತಿಗೆ ಹೊರಡುತ್ತಾರೆ. ಅಲ್ಲಿ ಟೆಂಟಿನ ಜಾಗಕ್ಕೊಂದು, ಕಪಾಟಿನಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ತಿನ್ನುವ ಪದಾರ್ಥವೆಲ್ಲ ಅದರೊಳಗೇ ಇರಬೇಕು. ಚಿಲಕ ಒಂದು ತಗಡಿನ ಮರೆಯಲ್ಲಿರುತ್ತದೆ. ಮನುಷ್ಯರ ಬೆರಳು ಅಲ್ಲಿಗೆ ಹೋಗುತ್ತದೆ, ಕರಡಿಯ ಕೈ ಹೋಗುವುದಿಲ್ಲ. ಯಾರ ಪೆಟ್ಟಿಗೆಯ ಬಾಗಿಲು ತುಸು ತೆರೆದಿದ್ದರೂ ಮಾವ ಅದನ್ನು ಟಪ್ಪೆಂದು ಮುಚ್ಚಿ, ಅದರ ಯಜಮಾನನಿಗೆ ಬುದ್ಧಿ ಹೇಳಿಯೇ ಮುಂದೆ ಹೋಗುವುದು.

“ಕರಡಿಗೆ ಒಂದ್ಸಲ ನಮ್ಮ ಊಟದ ರುಚಿ ಹತ್ತಿತೋ, ಅದರ ಕಥೆ ಮುಗೀತು. ಇವತ್ತು ಪೆಟ್ಟಿಗೆ ಹತ್ರ ಬರುತ್ತೆ, ನಾಳೆ ಟೆಂಟ್ ಹತ್ರ. ಕೊನೆಗೆ ಪಾರ್ಕಿನವರೇ ಗುಂಡು ಹೊಡೀಬೇಕಾಗುತ್ತೆ.”

“ಮಾವಾ, ನಾವು ರಜಕ್ಕೆ ಬಂದಿದ್ದೀವೋ, ಡ್ಯೂಟಿಗೋ?”

“ನಿಮ್ಮಂಥೋರು ಇರೋ ತನಕ ನಂಗೆ ಡ್ಯೂಟೀನೇ ಕಣಮ್ಮ ಲರೀಸಾ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ. ನಾನು ವಾದಿಸುವುದನ್ನು ಎಂದೋ ಬಿಟ್ಟಿದ್ದೆ.

ಆ ಸಲ ನನ್ನ ಗಂಡನಿಗೆ ಗಣಿಯಲ್ಲಿ ರಜೆ ಸಿಗಲಿಲ್ಲ. ನಾನು, ಮಾವ, ನನ್ನ ಇಬ್ಬರು ಹೆಣ್ಣುಮಕ್ಕಳು ಮಾತ್ರ ಬಂದಿದ್ದೆವು. ಮಧ್ಯಾಹ್ನ ಹಿರಿಯವಳು ಝೆನಿಯಾ, ಕಿರಿಯವಳು ಟೈಸಾ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಟೈಸಾಗೆ ಆಗ ಐದು ತುಂಬಿತ್ತಷ್ಟೆ. ಅಡಗಿಕೊಂಡ ಕೂಡಲೇ ತಾನೇ ಕಿಸಕ್ಕೆಂದು ನಕ್ಕು ಸಿಕ್ಕಿಬೀಳುವವಳು. “ಈ ಸಲ ನಗಲ್ಲ, ಉಸಿರೂ ಬಿಡಲ್ಲ,” ಎಂದು ಅಕ್ಕನಿಗೆ ಸವಾಲು ಹಾಕಿ, ಒಂದು ತುಂಡು ಗಸಗಸೆ ರೊಟ್ಟಿ ಕೈಯಲ್ಲಿ ಹಿಡಿದು ಓಡಿದಳು. ನಾನು ದಡದಲ್ಲಿ ಬಟ್ಟೆ ಒಗೆಯುತ್ತಿದ್ದೆ.

ಗಸ್ತು ಮುಗಿಸಿ ಬಂದ ಮಾವ ಗೊಣಗಿದರು: “ಪಕ್ಕದೋರು ಬೆಳಿಗ್ಗೆ ಜಾಗ ಖಾಲಿ ಮಾಡಿದಾರೆ. ಪೆಟ್ಟಿಗೆ ಬಾಗಿಲು ತೆರೆದೇ ಬಿಟ್ಟಿದಾರೆ. ಮೀನಿನ ನಾತ ಬೇರೆ. ಚಿಲಕ ಹಾಕಿ ಬಂದೆ.”

“ಪುಣ್ಯ ಕಟ್ಕೊಂಡ್ರಿ,” ಎಂದೆ.

ಅಷ್ಟರಲ್ಲಿ ರೇಂಜರ್ ಹುಡುಗಿಯ ಗಾಡಿ ರಸ್ತೆಯಲ್ಲಿ ಕೂಗುತ್ತ ಬಂತು: “ಕರಡಿ ಬಂದಿದೆ! ಎಲ್ಲರೂ ನಿಮ್ಮ ನಿಮ್ಮ ಗಾಡಿ ಹತ್ತಿ, ಬಾಗಿಲು ಹಾಕ್ಕೊಳ್ಳಿ!” ಕೂಗುತ್ತಲೇ ಅದು ಆಚೆ ತುದಿಗೆ ಹೋಯಿತು. ನಾನು ಒದ್ದೆ ಕೈಯಲ್ಲೇ ಝೆನಿಯಾಳನ್ನು ಎಳೆದು ಕಾರಿಗೆ ನೂಕಿದೆ. ಮಾವ ರಾತ್ರಿಯ ಅಡಿಗೆಗೆ ತೆಗೆದಿಟ್ಟಿದ್ದ ಹಂದಿಮಾಂಸದ ಸಾಸೇಜಿನ ಸುರುಳಿಯನ್ನು ಬಾಚಿಕೊಂಡು, ನಮ್ಮ ಕಾರಿನ ಪಕ್ಕದಲ್ಲೇ ನಿಂತಿದ್ದ ತಮ್ಮ ಟ್ರಕ್ಕು ಹತ್ತಿದರು. ಅವರ ಪಕ್ಕದ ಸೀಟಿನಲ್ಲಿ ಟೈಸಾಳ ಕೆಂಪು ಸ್ವೆಟರ್ ಕಂಡಿತು. ಸದ್ಯ, ಅವಳು ಅಲ್ಲಿದ್ದಾಳೆ ಎಂದುಕೊಂಡೆ.

ಕರಡಿ ಮರಗಳ ನಡುವಿನಿಂದ ತನ್ನ ಮನೆಯಂಗಳಕ್ಕೆ ಬಂದಂತೆ ಬಂತು. ಕಪ್ಪು, ದಪ್ಪ, ಆತುರವೇ ಇಲ್ಲದ ಪ್ರಾಣಿ. ನಮ್ಮ ಮೇಜನ್ನು ಮೂಸಿತು. ನಾನು ಕಿಟಕಿಯನ್ನು ಬೆರಳಷ್ಟು ಇಳಿಸಿ ಪಿಸುಗುಟ್ಟಿದೆ: “ಮಾವಾ, ಟೈಸಾಗೆ ತಲೆ ಬಗ್ಗಿಸಿ ಕೂತ್ಕೊಳ್ಳೋಕೆ ಹೇಳಿ.”

ಮಾವ ನನ್ನತ್ತ ತಿರುಗಿದರು. “ಅವಳು ನಿನ್ನ ಹತ್ರ ಇಲ್ವಾ?”

ಕಿಟಕಿಗೆ ಮುಖ ಒತ್ತಿ ನೋಡಿದೆ. ಆ ಸ್ವೆಟರಿನೊಳಗೆ ಯಾರೂ ಇರಲಿಲ್ಲ.

“ಅವಳು ಸಿಗ್ಲೇ ಇಲ್ಲಮ್ಮ,” ಝೆನಿಯಾ ಅಳತೊಡಗಿದಳು. “ಎಲ್ಲಾ ಕಡೆ ಹುಡುಕ್ದೆ. ಪಕ್ಕದ ಜಾಗಕ್ಕೂ ಹೋಗಿದ್ದೆ. ಅಲ್ಲಿ ಪೆಟ್ಟಿಗೆ ಮುಚ್ಚಿತ್ತು.”

ಕರಡಿ ತಲೆಯೆತ್ತಿ ಗಾಳಿ ಮೂಸಿ, ನೇರವಾಗಿ ಪಕ್ಕದ ಖಾಲಿ ಜಾಗಕ್ಕೆ ನಡೆಯಿತು. ಪೆಟ್ಟಿಗೆಯ ಸಂದಿಗೆ ಮೂಗು ಹಚ್ಚಿ ಬುಸ್ ಬುಸ್ ಎಂದಿತು. ಆಮೇಲೆ ಎದ್ದು ನಿಂತು ಎರಡೂ ಕೈಗಳಿಂದ ಪೆಟ್ಟಿಗೆಯನ್ನು ಗುದ್ದಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನಾನು ಮಾವನ ಮುಖ ನೋಡಿದೆ. ಅದರಲ್ಲಿ ರಕ್ತವಿರಲಿಲ್ಲ. ಅವರಿಗೆ ಗೊತ್ತಾಗಿತ್ತು. ಅವರ ಮುಖ ನೋಡಿ ನನಗೂ ಗೊತ್ತಾಯಿತು.

ತಾಯಿಯಾದವಳು ಇಂಥ ಪ್ರಾರ್ಥನೆ ಮಾಡುತ್ತಾಳೆಯೇ? ನಾನು ಮಾಡಿದೆ. ದೇವರೇ, ನನ್ನ ಮಗು ಆ ಪೆಟ್ಟಿಗೆಯೊಳಗೇ ಇರಲಿ ಎಂದು ಬೇಡಿಕೊಂಡೆ. ಅಲ್ಲಿಲ್ಲದಿದ್ದರೆ ಕಾಡಿನಲ್ಲಿರಬೇಕು, ಇಲ್ಲ ನೀರಿನಲ್ಲಿ. ಆದರೆ ಬೆಳಗಿನಿಂದ ಬಿಸಿಲು ಕುಡಿದ ಆ ಕಬ್ಬಿಣದೊಳಗೆ ಎಷ್ಟು ಗಾಳಿ ಇದ್ದೀತು? “ಟೈಸಾ” ಎಂದು ಕೂಗಲು ಬಾಯಿ ತೆರೆದೆ. ಕೂಗಿದರೆ ಅವಳು ಉತ್ತರ ಕೊಡುತ್ತಾಳೆ. ಉತ್ತರ ಕೇಳಿದರೆ ಕರಡಿ ಅಲ್ಲಿಂದ ಕದಲುವುದಿಲ್ಲ. ನನ್ನ ಬಾಯಿಯನ್ನು ನಾನೇ ಅಂಗೈಯಿಂದ ಒತ್ತಿ ಹಿಡಿದೆ. ಮಗಳನ್ನು ಕರೆಯದಿರುವುದಕ್ಕೆ ಅಷ್ಟು ಬಲ ಬೇಕೆಂದು ನನಗೆ ಗೊತ್ತಿರಲಿಲ್ಲ.

ಮಾವ ಹಾರನ್ನು ಒತ್ತಿದರು. ಕರಡಿ ಒಮ್ಮೆ ತಿರುಗಿ ನೋಡಿ ಮತ್ತೆ ಗುದ್ದತೊಡಗಿತು. ಎಷ್ಟು ಹಾರನ್ ಕೇಳಿತ್ತೋ ಏನೋ, ಅದಕ್ಕೆ ಲೆಕ್ಕವೇ ಇಲ್ಲ.

ಆಗ ಟ್ರಕ್ಕಿನ ಬಾಗಿಲು ತೆರೆಯಿತು.

“ಮಾವಾ, ಬೇಡ!”

“ಚಿಲಕ ಹಾಕಿದೋನು ನಾನು,” ಎಂದರು. ಕೈಯಲ್ಲಿ ಸಾಸೇಜಿನ ಸುರುಳಿ ಇತ್ತು.

ನೆಲಕ್ಕೆ ಬಿದ್ದ ರೊಟ್ಟಿಯ ಚೂರನ್ನೂ ಆರಿಸಿ ಜೇಬಿಗೆ ಹಾಕಿಕೊಳ್ಳುವ ಮನುಷ್ಯ, ಕರಡಿಗೆ ಕಾಣುವಂತೆ ಆ ಮಾಂಸವನ್ನು ಎತ್ತಿ ಹಿಡಿದು, “ಬಾರೋ ಇಲ್ಲಿ! ಇಲ್ಲಿದೆ ನೋಡು!” ಎಂದು ಕೂಗಿದರು. ಕರಡಿ ಮುಂಗಾಲು ಇಳಿಸಿ ಅವರತ್ತ ಹೆಜ್ಜೆ ಹಾಕಿತು. ಮಾವ ಒಂದು ತುಂಡು ಮುರಿದು ದಡದ ಕಡೆ ಎಸೆದರು. ಅದನ್ನು ತಿಂದ ಕರಡಿ ಮತ್ತೆ ಅವರನ್ನೇ ನೋಡಿತು. ಉಳಿದದ್ದನ್ನೆಲ್ಲ ತೋಳಿನ ಬಲವನ್ನೆಲ್ಲ ಹಾಕಿ ನೀರಿನಂಚಿಗೆ ಎಸೆದರು. ಕರಡಿ ಅದರ ಹಿಂದೆ ಹೋಗಿ ಸುರುಳಿಯನ್ನು ಕಚ್ಚಿಕೊಂಡು ದಡದುದ್ದಕ್ಕೂ ನಡೆದು ಮರೆಯಾಯಿತು.

ನಾನು ಯಾವಾಗ ಕಾರಿನಿಂದ ಇಳಿದೆನೋ ಗೊತ್ತಿಲ್ಲ. ಮಾವ ತಗಡಿನ ಮರೆಯಲ್ಲಿ ತಡಕಾಡುತ್ತಿದ್ದರು, ಚಿಲಕ ಸಿಗುತ್ತಿರಲಿಲ್ಲ. ಅವರ ಕೈ ಸರಿಸಿ ನಾನೇ ತೆರೆದೆ.

ಟೈಸಾ ಮೂಲೆಯಲ್ಲಿ ಮುದುಡಿಕೊಂಡಿದ್ದಳು. ಮುಖ ಕೆಂಡದಂತೆ, ಕೂದಲು ಬೆವರಿನಲ್ಲಿ ಒದ್ದೆ, ಮುಷ್ಟಿಯಲ್ಲಿ ಗಸಗಸೆ ರೊಟ್ಟಿ. ಬೆಳಕಿಗೆ ಕಣ್ಣು ಕಿರಿದು ಮಾಡಿ ತುಟಿಯ ಮೇಲೆ ಬೆರಳಿಟ್ಟಳು.

“ಶ್! ಅಕ್ಕ ಇಲ್ಲೇ ಇದ್ಲು. ಬಾಗ್ಲು ಬಡಿದ್ಲು, ಏದುಸಿರು ಬಿಟ್ಲು. ನಾನು ನಗ್ಲೇ ಇಲ್ಲ,” ಎಂದಳು. ದನಿ ಒಣಗಿತ್ತು. ಅವಳನ್ನು ಎದೆಗವಚಿಕೊಂಡು ನಾನು ಗೊಳೋ ಎಂದು ಅತ್ತೆ. ಅವಳು ನನ್ನ ಹೆಗಲ ಮೇಲಿಂದ ಅಜ್ಜನನ್ನು ನೋಡಿ ನಕ್ಕಳು. “ತಾತ, ನೀನು ಸಿಳ್ಳೆ ಹಾಕ್ಕೊಂಡು ಬಂದು ಬಾಗ್ಲು ಹಾಕ್ದೆ ಅಲ್ವಾ? ತಾತ ನನ್ ಪಾರ್ಟಿ ಅಂತ ಸುಮ್ನಿದ್ದೆ.”

ಮಾವ ಇದ್ದಲ್ಲೇ ಕುಸಿದು ಕುಳಿತರು.

ರೇಂಜರ್ ಹುಡುಗಿ ಬಂದಾಗ ಅವರೇ ಹೇಳಿದರು: “ಅದಕ್ಕೆ ತಿನ್ನಿಸಿದ್ದು ನಾನು.” ಅವಳು ಟೈಸಾಳನ್ನು ನೋಡಿದಳು, ಪೆಟ್ಟಿಗೆಯ ಮೇಲಿನ ಉಗುರು ಗೀರುಗಳನ್ನು ನೋಡಿದಳು. “ಇನ್ನು ಅದನ್ನ ಬಿಡೋ ಹಾಗಿಲ್ಲ. ನಿಮಗೆ ಗೊತ್ತಲ್ಲ?” ಎಂದಳು. “ಗೊತ್ತಮ್ಮ,” ಎಂದರು ಮಾವ. ಸಂಜೆ ಸರೋವರದ ಆಚೆ ದಡದಿಂದ ಗುಂಡಿನ ಸದ್ದು ಕೇಳಿಸಿತು. ಮಾವ ತಟ್ಟೆ ಬಿಟ್ಟು ಎದ್ದರು.

ಬೆಳಿಗ್ಗೆ ಟೆಂಟು ಬಿಚ್ಚಿ ಹೊರಟೆವು. ಪಕ್ಕದ ಪೆಟ್ಟಿಗೆ ಇನ್ನೂ ತೆರೆದೇ ಇತ್ತು. ಮಾವ ಅದರ ಮುಂದೆ ನಿಂತರು, ಕೈ ಚಾಚಿದರು, ಹಿಂದಕ್ಕೆ ಎಳೆದುಕೊಂಡರು.

“ನನ್ನ ಕೈಲಿ ಆಗಲ್ಲ. ನೀನೇ ಹಾಕಮ್ಮ,” ಎಂದರು.

ಟೈಸಾ ನನ್ನ ಸೊಂಟದ ಮೇಲೇ ಇದ್ದಳು. ಝೆನಿಯಾ ನನ್ನ ಅಂಗಿಯಂಚಿಗೆ ಅಂಟಿದಂತೆ ಪಕ್ಕದಲ್ಲೇ ನಿಂತಿದ್ದಳು. ಪೆಟ್ಟಿಗೆ ಖಾಲಿ ಎಂಬುದು ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೂ ನಾನು ಬಗ್ಗಿ, ಮೂಲೆಮೂಲೆಗೂ ಕೈಯಾಡಿಸಿ ನೋಡಿದ ಮೇಲೆಯೇ ಚಿಲಕ ಹಾಕಿದೆ.