ಬಲಗಡೆಯ ಕಿವಿ

“ಹಿಂದಿನಿಂದ ಹಿಡ್ಕೊ, ಮುಂದಿನ ಬಟ್ಟೆ ಹರಿದೀತು!” ಎಂದು ತಾತ ಕೂಗಿಕೊಂಡರು. ಭಾವಮೈದುನ ಎದೆಮಟ್ಟದ ಎರಡೂ ಸ್ಪೀಕರ್‌ಗಳನ್ನು ಒಂದೊಂದಾಗಿ ತಬ್ಬಿಕೊಂಡು, ಬಟ್ಟೆ ಜೋಪಾನವಾಗಿರಲೆಂದು ಗೋಡೆಗೆ ಮುಖಮಾಡಿ ನಿಲ್ಲಿಸಿದ. ತಾತನ ಹೆಂಡತಿ ಬೆಳಿಗ್ಗೆ ತೀರಿಕೊಂಡಿದ್ದಳು; ಅವಳನ್ನು ಮಲಗಿಸಲು ಹಜಾರದಲ್ಲಿ ಜಾಗ ಬೇಕಿತ್ತು.

“ಅಕ್ಕ ಇದ್ದಿದ್ರೆ ನಗ್ತಿದ್ಲು ಭಾವ. ಇವತ್ತೂ ನಿಮಗೆ ಡಬ್ಬದ್ದೇ ಚಿಂತೆ.”

ತಾತನಿಗೂ ನಗು ಬಂತು, ಹಿಂದೆಯೇ ಅಳುವೂ ಬಂತು. ಈ ಡಬ್ಬಗಳ ಮುಂದೆ ಅವಳು ಒಂದು ದಿನವೂ ಕೂತಿರಲಿಲ್ಲ. ಅದೇ ಕೊರಗು ಅವರನ್ನು ಬೆಳಗಿನಿಂದ ತಿನ್ನುತ್ತಿತ್ತು.

*

ಮದುವೆಯಾದ ಹೊಸದರಲ್ಲಿ ಎರಡು ಸ್ಪೀಕರ್‌ಗಳ ನಟ್ಟನಡುವೆ ಕುರ್ಚಿ ಹಾಕಿ ಕರೆದಿದ್ದರು.

“ಇಲ್ಲಿ ಕೂತ್ಕೊ. ಎಡಗಡೆ ಹಾಡೋರು, ಬಲಗಡೆ ವಾದ್ಯದೋರು. ಎದುರಿಗೇ ಬಂದು ಹಾಡಿದ ಹಾಗಿರುತ್ತೆ.”

“ಒಲೆ ಮೇಲೆ ಹಾಲಿದೆ. ಉಕ್ಕಿದ್ರೆ ನೀವು ಒರೆಸ್ತೀರಾ?”

ಆ ಹಾಲು ಅವಳ ಆಯುಷ್ಯವಿಡೀ ಉಕ್ಕುತ್ತಲೇ ಇತ್ತು.

ಮುಂದೆ ಮೊಮ್ಮಗಳು ಬಂದಳು. ಅವಳಿಗೆ ಫೋನೇ ಸಾಕು. ಇಯರ್‌ಫೋನಿನಲ್ಲೂ ಒಂದನ್ನು ಅಜ್ಜಿಯ ಕಿವಿಗೆ ಸಿಕ್ಕಿಸುತ್ತಿದ್ದಳು.

“ಅರ್ಧರ್ಧ ಕೇಳೋದೂ ಒಂದು ಕೇಳೋದೇನೇ? ಈಗಿನ ಮಕ್ಕಳಿಗೆ ಕಿವಿ ಇರೋದು ಓಲೆ ಹಾಕೋದಕ್ಕೆ ಅಷ್ಟೆ.”

“ಹಾಡು ಚೆನ್ನಾಗಿದ್ರೆ ಸಾಕು ತಾತ.”

*

ಎಲ್ಲ ಮುಗಿಸಿ ಮರಳಿದಾಗ ಸಂಜೆಯಾಗಿತ್ತು. ಮೊಮ್ಮಗಳು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ತಾತ ಪಕ್ಕದಲ್ಲಿ ಕುಸಿದರು.

“ನಿಮ್ಮಜ್ಜಿಗೆ ನನ್ನ ಹಾಡುಗಳು ಹಿಡಿಸಲೇ ಇಲ್ಲ ಕಣೇ.”

“ಯಾರು ಹೇಳಿದ್ದು? ನೀವು ನಿಮ್ಮ ಹಾಡುಗಳನ್ನ ನನ್ನ ಫೋನಿಗೆ ತುಂಬಿಕೊಟ್ಟಿದ್ರಲ್ಲ, ದಿನಾ ಅವೇ ಬೇಕಿತ್ತು ಅಜ್ಜಿಗೆ. ಅದೂ ಬಲಗಡೆ ಕಿವೀದೇ ಆಗಬೇಕು.”

“ಬಲಗಡೆ ಬರೀ ವಾದ್ಯ ಅಲ್ವೇನೇ! ಹಾಡೇ ಇಲ್ಲ.”

“ನಾನೂ ಅದನ್ನೇ ಹೇಳ್ದೆ. ‘ಹಾಡೆಲ್ಲ ಬಾಯಿಗೇ ಬರುತ್ತೆ ಬಿಡೇ, ನಿಮ್ಮ ತಾತ ಗೋಡೆಯಾಚೆ ಡಬ್ಬ ಹಾಡಿಸಿ ಹಾಡಿಸೀನೇ ಕಲಿಸಿದ್ದಾರೆ. ಪಾತ್ರೆ ಸದ್ದಲ್ಲಿ ವಾದ್ಯ ಮಾತ್ರ ಕೇಳಿಸ್ತಿರಲಿಲ್ಲ’ ಅಂದ್ರು.”

ತಾತ ಇಯರ್‌ಫೋನಿಗೆ ಕೈ ಚಾಚಿದರು. ಮೊಮ್ಮಗಳು ಎಡಗಡೆಯದನ್ನು ತಾನಿಟ್ಟುಕೊಂಡು ಬಲಗಡೆಯದನ್ನು ಕೊಟ್ಟಳು. ವಾದ್ಯ ಶುರುವಾಯಿತು.

“ಅಜ್ಜಿ ಇಲ್ಲೇ ಹಾಡು ಎತ್ಕೊಳ್ತಿದ್ರು,” ಎಂದಳು.

ತಾತ ಗಂಟಲು ಸರಿಮಾಡಿಕೊಂಡು ಎತ್ತಿಕೊಂಡರು. ಅವರು ಬಾಯಿಬಿಟ್ಟು ಹಾಡಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ.

“ತಾತ, ಶ್ರುತಿ ಎಲ್ಲಿಗೋ ಹೋಯ್ತು!”

“ಹೋಗ್ಲಿ ಬಿಡೇ,” ಎಂದು ಕಣ್ಣೊರೆಸಿಕೊಂಡು ಮುಂದಿನ ಸಾಲು ಹಿಡಿದರು. ಹಜಾರದಲ್ಲಿ ಸ್ಪೀಕರ್‌ಗಳು ಗೋಡೆಗೆ ಮುಖಮಾಡಿಯೇ ನಿಂತಿದ್ದವು.